ಮೊದಲ ಡಿಎಸ್‌ಎಲ್‌ಆರ್: ದುಡ್ಡು ಎಲ್ಲಿ ಹಾಕಬೇಕು?



ಕೆಲವು ವರ್ಷಗಳ ಹಿಂದೆ ಆಕ್ಲೆಂಡಿನ ರಾಜ್ಯೋತ್ಸವದಲ್ಲಿ ನನ್ನ ಮಗಳ ಮೊದಲ ನೃತ್ಯ. ಊರಿನಲ್ಲಿ ಅಮ್ಮ ಫೋಟೋಗೆ ಕಾಯುತ್ತಿದ್ದರು. ನಾನೋ ಇದ್ದ ದುಡ್ಡನ್ನೆಲ್ಲ ಹೊಸ ಕ್ಯಾಮರಾದ ಮೇಲೆ ಸುರಿದು, ಜೊತೆಗೆ ಬಂದ 18-55 ಲೆನ್ಸಿನಲ್ಲೇ ತೆಗೆದೆ. ಮಂದ ಬೆಳಕಿನ ಹಾಲ್, ಬಂದದ್ದೆಲ್ಲ ಮಸುಕು. ಆ ದಿನ ಮತ್ತೆ ಬರುವುದಿಲ್ಲ.

ತಪ್ಪು ಕ್ಯಾಮರಾದ್ದಲ್ಲ, ನನ್ನ ಲೆಕ್ಕದ್ದು. ಆ ಲೆನ್ಸು 55 ಮಿ.ಮೀ.ನಲ್ಲಿ ಎಫ್/5.6ರಷ್ಟೇ ತೆರೆಯುತ್ತದೆ. 50 ಮಿ.ಮೀ. ಎಫ್/1.8 ಲೆನ್ಸು? 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿ: ಹತ್ತಿರ ಹತ್ತು ಪಟ್ಟು ಬೆಳಕು! 1/20 ಸೆಕೆಂಡ್ ಬೇಕಾದಲ್ಲಿ 1/200 ಸಾಕು. ಕುಣಿಯುವ ಕಾಲೂ ಸ್ಪಷ್ಟ. ಜೂಮ್ ಇಲ್ಲ, ಮುಂದೆ ಹೋಗಿ ಕೂರಬೇಕು ಅಷ್ಟೆ.

ಮೊದಲ ಸಲ ಕೊಳ್ಳುವವರಿಗೆ ನನ್ನ ಸಲಹೆ:

1. ಕಂಪನಿಗಳ ಗಮನ ಈಗ ಮಿರರ್‌ಲೆಸ್ ಕಡೆಗಿದೆ. ಹಾಗಾಗಿ ಡಿಎಸ್‌ಎಲ್‌ಆರ್ ಬಾಡಿಯನ್ನು ಟ್ರೇಡ್ ಮಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳಿ; ಉಳಿಸಿದ್ದನ್ನು ಲೆನ್ಸಿಗೆ ಹಾಕಿ.

2. ನಿಕಾನ್ ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟಾರಿಲ್ಲ. ಅವಕ್ಕೆ 50 ಎಎಫ್-ಎಸ್ ಲೆನ್ಸನ್ನೇ ಕೊಳ್ಳಿ. ಹಳೆಯ ಎಎಫ್-ಡಿ ಲೆನ್ಸಿನಲ್ಲಿ ಆಟೋಫೋಕಸ್ ಆಗದು. ಕ್ಯಾನನ್ ಇಎಫ್‌ನಲ್ಲಿ ಮೋಟಾರ್ ಲೆನ್ಸಿನೊಳಗೇ ಇದೆ.

3. ಖಾಸಗಿಯಾಗಿ ಮಾರುವವರಿಂದ ಕೊಂಡರೆ 1993ರ ಕನ್ಸ್ಯೂಮರ್ ಗ್ಯಾರಂಟೀಸ್ ಕಾಯ್ದೆಯ ರಕ್ಷಣೆ ಇಲ್ಲ. ಶಟರ್ ಕೌಂಟ್ ಕೇಳಿ, ಕೈಯಲ್ಲಿ ಹಿಡಿದು ನಾಲ್ಕು ಫೋಟೋ ತೆಗೆದು ನೋಡಿ, ಆಮೇಲೆ ದುಡ್ಡು ಕೊಡಿ.

ಮುಂದಿನ ಯುಗಾದಿಗೆ ಅದೇ ಕ್ಯಾಮರಾಕ್ಕೆ ಸೆಕೆಂಡ್ ಹ್ಯಾಂಡ್ 50ರ ಲೆನ್ಸು ಹಾಕಿ ಮೊದಲ ಸಾಲಿನಲ್ಲಿ ಕೂತೆ. ಅಮ್ಮ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಗೆಜ್ಜೆ ಕೂಡ ಕಾಣ್ತಾ ಇದೆ ಕಣೋ!"