ಹೆಚ್ಚು ತಿರುಗುವ ಫ್ಯಾನ್ ಮೊದಲು ಬದಲಾಗಲಿ

ಕರಾವಳಿಯಲ್ಲಿ ಮನೆ ಮಾಡಿದವರಿಗೆ ಫ್ಯಾನ್ ಶೋಕಿಯ ವಸ್ತುವಲ್ಲ. ಫೆಬ್ರುವರಿ ಕಳೆದರೆ ಸಾಕು, ಸೆಕೆ ಗೋಡೆಯೊಳಗೇ ಕೂತುಬಿಡುತ್ತದೆ. ನಮ್ಮ ಚಾವಡಿಯದ್ದು, ಮಲಗುವ ಕೋಣೆಯದ್ದು ಎರಡೂ ದಿನಕ್ಕೆ ಹದಿನೈದು ಗಂಟೆಯಷ್ಟು ಹೊತ್ತು ತಿರುಗುತ್ತವೆ. ಮಳೆಗಾಲದಲ್ಲೂ ಬಿಡುವಿಲ್ಲ, ಬಟ್ಟೆ ಒಣಗಬೇಕಲ್ಲ. ಕರೆಂಟ್ ಬಿಲ್ ಇಳಿಸಬೇಕೆಂದು ಹೊರಟಾಗ ನಾನು ಸೋಲಾರ್‌ನತ್ತ ನೋಡುವ ಮೊದಲು ಈ ಎರಡು ಫ್ಯಾನ್‌ಗಳನ್ನು ಬದಲಾಯಿಸಿದೆ.

ಹಳೆಯ ಮಾದರಿಯ ಫ್ಯಾನ್ ಫುಲ್ ಸ್ಪೀಡಿನಲ್ಲಿ ಸುಮಾರು 75 ವಾಟ್ ಎಳೆಯುತ್ತದೆ. ಈಗಿನ ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟಾರಿನ) ಫ್ಯಾನ್‌ಗೆ 28ರಿಂದ 35 ವಾಟ್ ಸಾಕು. ಇದರ ತಿರುಗುವ ಭಾಗದಲ್ಲಿ ಶಾಶ್ವತ ಅಯಸ್ಕಾಂತವಿದೆ. ಯಾವ ಸುರುಳಿಗೆ ಯಾವಾಗ ಕರೆಂಟ್ ಕೊಡಬೇಕೆಂದು ಒಂದು ಸಣ್ಣ ಸರ್ಕ್ಯೂಟ್ ಬೋರ್ಡ್ ಲೆಕ್ಕ ಹಾಕುತ್ತದೆ. ಹಾಗಾಗಿ ಮೋಟಾರ್ ಬಿಸಿಯಾಗಿ ಪೋಲಾಗುವ ಕರೆಂಟ್ ತೀರ ಕಡಿಮೆ. ಐಐಟಿ ಬಾಂಬೆಯಲ್ಲಿ ಓದಿದ ಇಬ್ಬರು ತರುಣರು ಕಟ್ಟಿದ ಆಟಂಬರ್ಗ್ ಕಂಪನಿ 28 ವಾಟ್‌ನ ಫ್ಯಾನ್ ತಂದದ್ದು 2015ರ ಸುಮಾರಿಗೆ. ಇವತ್ತು ಎಲ್ಲ ದೊಡ್ಡ ಕಂಪನಿಗಳೂ ಇಂಥದ್ದನ್ನು ಮಾಡುತ್ತಿವೆ.

ಲೆಕ್ಕ ನೋಡಿ. 45 ವಾಟ್ ಉಳಿತಾಯ, ದಿನಕ್ಕೆ 15 ಗಂಟೆ: ಒಂದು ಫ್ಯಾನ್‌ಗೆ ತಿಂಗಳಿಗೆ 20 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 120 ರೂಪಾಯಿ. ಫ್ಯಾನ್‌ನ ಬೆಲೆ 3,000 ಎಂದುಕೊಂಡರೆ ಎರಡು ವರ್ಷದಲ್ಲಿ ಅಸಲು ಕೈಸೇರುತ್ತದೆ. ಅದೇ ಫ್ಯಾನನ್ನು ದಿನಕ್ಕೆ ಒಂದು ಗಂಟೆ ಓಡುವ ನೆಂಟರ ಕೋಣೆಗೆ ಹಾಕಿದರೆ ಉಳಿಯುವುದು ತಿಂಗಳಿಗೆ 8 ರೂಪಾಯಿ. ಅಸಲು ಬರಲು ಮೂವತ್ತು ವರ್ಷ ದಾಟುತ್ತದೆ! ಎಲ್ಲ ಕೋಣೆಗೂ ಒಟ್ಟಿಗೆ ಹಾಕಿಸಿ ಎನ್ನುವ ಅಂಗಡಿಯವರ ಮಾತಿಗೆ ನಾನು ಒಪ್ಪದಿದ್ದದ್ದು ಅದಕ್ಕೇ.

ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಲ್ಲಿರುವವರು ಇನ್ನೊಂದು ಸಂಗತಿ ಗಮನಿಸಬೇಕು. ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಏಪ್ರಿಲ್‌ನಲ್ಲಿ 215 ಯೂನಿಟ್ ಆದರೆ ಹೆಚ್ಚುವರಿ 15 ಯೂನಿಟ್‌ಗೆ ಮಾತ್ರವಲ್ಲ, ಅಷ್ಟಕ್ಕೂ ಸೇರಿ ಅದೇ 6 ರೂಪಾಯಿಯ ಲೆಕ್ಕದಲ್ಲಿ 1,300 ರೂಪಾಯಿಯ ಹತ್ತಿರ ಬಿಲ್ ಬರುತ್ತದೆ. ಇಂಥ ಗಡಿಯಲ್ಲಿರುವ ಮನೆಗೆ ಎರಡು ಫ್ಯಾನ್ ಉಳಿಸುವ 40 ಯೂನಿಟ್ ದೊಡ್ಡ ದುಡ್ಡು. ವರ್ಷವಿಡೀ ಸೊನ್ನೆ ಬಿಲ್ ಬರುವವರು ಚೆನ್ನಾಗಿರುವ ಫ್ಯಾನ್ ಇಳಿಸುವ ಅಗತ್ಯವಿಲ್ಲ. ಅದು ಕೆಟ್ಟಾಗ ಹೊಸದನ್ನು ನೋಡಿದರಾಯಿತು.

ಕೊಳ್ಳುವಾಗ ವಾಟ್ ಒಂದನ್ನೇ ನೋಡಬೇಡಿ. 2023ರ ಜನವರಿಯಿಂದ ಸೀಲಿಂಗ್ ಫ್ಯಾನ್‌ಗೆ ಸ್ಟಾರ್ ಲೇಬಲ್ ಕಡ್ಡಾಯ. ಒಂದು ವಾಟ್‌ಗೆ ಎಷ್ಟು ಗಾಳಿ ಎಂಬುದರ ಮೇಲೆ ಆ ಸ್ಟಾರ್ ಸಿಗುತ್ತದೆ. ಪೆಟ್ಟಿಗೆಯ ಮೇಲೆ ಗಾಳಿಯ ಪ್ರಮಾಣವೂ ಇರುತ್ತದೆ, ಅದನ್ನೂ ಓದಿ.

ನನಗೆ ಹೆಚ್ಚು ಮುಖ್ಯವೆನಿಸಿದ್ದು ರಿಪೇರಿ. ಫ್ಯಾನ್ ತೂಗುಹಾಕಲು ಬಂದ ನಮ್ಮ ಎಲೆಕ್ಟ್ರಿಷಿಯನ್ ಹೇಳಿದ್ದು ಇಷ್ಟು: “ಹಳತಾದ್ರೆ ಒಂದು ಕೆಪಾಸಿಟರ್ ಹಾಕಿದ್ರೆ ಆಯ್ತು ಮಾರಾಯ್ರೆ. ಇದ್ರ ಬೋರ್ಡ್ ಹೋದ್ರೆ ನಂಗೆ ಎಂತ ಮಾಡ್ಲಿಕ್ಕೂ ಇಲ್ಲ.” ಅವರ ಮಾತು ನಿಜ. ನಮ್ಮಲ್ಲಿ ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿಗೆ ವೋಲ್ಟೇಜ್ ಒಮ್ಮೆಲೇ ಏರಿ ಬೋರ್ಡ್ ಸುಡಬಹುದು. ಗುಡುಗು ಶುರುವಾದರೆ ಮೈನ್ ಸ್ವಿಚ್ ಆರಿಸುವ ಹಿರಿಯರ ಅಭ್ಯಾಸ ಈಗ ಇನ್ನೂ ಬೇಕು. ಬೋರ್ಡ್ ಕೆಟ್ಟಿತೆಂದು ಇಡೀ ಫ್ಯಾನ್ ಗುಜರಿಗೆ ಹೋದರೆ ಉಳಿಸಿದ ಕರೆಂಟ್‌ಗೂ ದುಡ್ಡಿಗೂ ಅರ್ಥವಿಲ್ಲ. ಆದ್ದರಿಂದ ವಾರಂಟಿ ಉದ್ದವಿರುವ, ಬೋರ್ಡ್ ಬಿಡಿಯಾಗಿ ಸಿಗುವ ಮಾದರಿಗೆ ನಾನು ಇನ್ನೂರು ಮುನ್ನೂರು ಹೆಚ್ಚು ಕೊಟ್ಟೆ.

ಸೋಲಾರ್ ಬೇಡವೆಂದಲ್ಲ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ಒಂದು ಕಿಲೋವಾಟ್ ಪ್ಯಾನೆಲ್ ತಿಂಗಳಿಗೆ ಸರಿಸುಮಾರು 100ರಿಂದ 120 ಯೂನಿಟ್ ಕೊಡುತ್ತದೆ. ಅದರ ಮೂರನೇ ಒಂದು ಪಾಲನ್ನು 6,000 ರೂಪಾಯಿಯ ಎರಡು ಫ್ಯಾನ್‌ಗಳೇ ಉಳಿಸುತ್ತವೆ. ಮೊದಲು ಅವನ್ನು ಹಾಕಿಸಿ, ಒಂದು ಬೇಸಿಗೆಯ ಬಿಲ್ ನೋಡಿ, ಆಮೇಲೆ ಎಷ್ಟು ಕಿಲೋವಾಟ್ ಬೇಕೆಂದು ಕೇಳಿ.