ದ್ರಾಕ್ಷಿಯ ಚಿಗಟ ದುಂಬಿ: ಔಷಧಿ ಯಾವಾಗ ಹೊಡೆಯಬೇಕು?



ಅಡಿಕೆಯ ಕೊಳೆರೋಗಕ್ಕೆ ನಾವು ರೋಗ ಕಾಣುವ ಮೊದಲೇ, ಮಳೆ ಹಿಡಿಯುವ ಮುನ್ನವೇ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಆ ರೋಗದ ಮಟ್ಟಿಗೆ ಅದೇ ಸರಿಯಾದ ಕ್ರಮ. ಆದರೆ ಇದೇ ರೂಢಿಯಲ್ಲಿ ಕೀಟಗಳಿಗೂ ಪಂಚಾಂಗ ನೋಡಿ ಔಷಧಿ ಹೊಡೆಯುವವರಿದ್ದಾರೆ. ಎಲೆಯಲ್ಲಿ ತೂತು ಕಂಡೊಡನೆ ಪಂಪು ಹೆಗಲಿಗೇರಿಸುವವರೂ ಇದ್ದಾರೆ. ಇವೆರಡೂ ಏಕೆ ಸಲ್ಲವೆಂಬುದಕ್ಕೆ ಉತ್ತರ ಕರ್ನಾಟಕದ ದ್ರಾಕ್ಷಿ ಬೆಳೆ ಒಳ್ಳೆಯ ಪಾಠ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂದರೆ ಮುಖ್ಯವಾಗಿ ಕಬ್ಬಿನ ಸೀಮೆ. ಆದರೂ ಜಮಖಂಡಿ ಭಾಗದಲ್ಲಿ ದ್ರಾಕ್ಷಿ ಪಡಗಳಿವೆ. ಅಲ್ಲಿ ವರ್ಷಕ್ಕೆ ಎರಡು ಚಾಟ್ನಿ: ಏಪ್ರಿಲ್ ಸುಮಾರಿಗೆ ಕಡ್ಡಿ ಬೆಳೆಸಲು, ಅಕ್ಟೋಬರ್ ಸುಮಾರಿಗೆ ಹಣ್ಣಿಗಾಗಿ. ಚಾಟ್ನಿಯಾದ ಮೇಲೆ ಕಡ್ಡಿಯ ಕಣ್ಣುಗಳು ಉಬ್ಬುತ್ತವೆ. ಚಿಗಟ ದುಂಬಿ ಕಾದಿರುವುದು ಈ ಹೊತ್ತಿಗೇ.

ಇದು ಸುಮಾರು ನಾಲ್ಕೈದು ಮಿಲಿಮೀಟರಿನ, ಕಂಚಿನ ಹೊಳಪಿನ ದುಂಬಿ. ರೆಕ್ಕೆಯ ಮೇಲೆ ಆರು ಕಪ್ಪು ಚುಕ್ಕೆ. ಹೆಸರು ಚಿಗಟವಾದರೂ, ಬಳ್ಳಿ ಅಲುಗಿದರೆ ಸತ್ತಂತೆ ನೆಲಕ್ಕೆ ಬೀಳುವುದೇ ಇದರ ಜಾಣತನ. ಉಬ್ಬಿದ ಕಣ್ಣನ್ನು ಇದು ಕೊರೆದು ತಿಂದರೆ ಅಲ್ಲಿ ಚಿಗುರಿಲ್ಲ. ಅಕ್ಟೋಬರಿನಲ್ಲಿ ಚಿಗುರು ಹೋದರೆ ಆ ಕಣ್ಣಿನ ಗೊನೆಯೂ ಹೋಯಿತು, ಸಾಲ ಮಾಡಿ ಚಪ್ಪರ ಹಾಕಿದವನಿಗೆ ಆ ವರ್ಷ ಬೇರೆ ದಾರಿಯಿಲ್ಲ. ಅದೇ ದುಂಬಿ ತಿಂಗಳು ಕಳೆದು ಎಲೆಯಲ್ಲಿ ನೂರು ತೂತು ಮಾಡಿದರೂ ಬಲಿತ ಬಳ್ಳಿ ತಡೆದುಕೊಳ್ಳುತ್ತದೆ. ನೋಟಕ್ಕೆ ಭಯವಾಗುವುದು ತೂತಿನಿಂದ, ನಷ್ಟವಾಗುವುದು ಕಣ್ಣಿನಿಂದ.

ಆದ್ದರಿಂದ ಕಣ್ಣು ಉಬ್ಬಿದಂದಿನಿಂದ ಎರಡು ಮೂರು ಎಲೆ ಬಿಚ್ಚುವವರೆಗೆ ಪಡವನ್ನು ದಿನವೂ ನೋಡಬೇಕು. ಬಳ್ಳಿಯ ಬುಡದಲ್ಲಿ ಬಿಳಿ ಬಟ್ಟೆ ಹಾಸಿ, ಕಡ್ಡಿ ಅಲುಗಿಸಿ, ಬಿದ್ದ ದುಂಬಿ ಎಣಿಸಿ. ಪಡದ ಅಂಚಿನಲ್ಲಿ ನಾಲ್ಕು ಬಳ್ಳಿ ನೋಡಿ ಮನೆಗೆ ಬಂದರೆ ಸಾಲದು, ನಡುವೆಯೂ ನೋಡಬೇಕು. ದುಂಬಿಯೂ ಇದೆ, ತಿಂದ ಕಣ್ಣೂ ಇದೆ ಎಂದಾದರೆ ತಡಮಾಡದೆ ಸಿಂಪಡಿಸಿ. ಬಟ್ಟೆ ಬರಿದಾಗಿದ್ದರೆ ಆ ದಿನದ ಔಷಧಿ ಉಳಿಯಿತು. ಸಣ್ಣ ಪಡವಾದರೆ ಸೀಮೆಎಣ್ಣೆ ಬೆರೆಸಿದ ನೀರಿನ ತಟ್ಟೆಗೆ ದುಂಬಿ ಉದುರಿಸಿಯೇ ಎಷ್ಟೋ ಕಡಿಮೆ ಮಾಡಬಹುದು.

ಕೆನಡಾದ ಕನೋಲಾ ಎಣ್ಣೆಕಾಳಿನ ರೈತರಿಗೂ ಇದೇ ತರ್ಕ. ಅಲ್ಲಿನ ಚಿಗಟ ದುಂಬಿ ಬೇರೆ ಜಾತಿಯದು. ಎಳೆ ಸಸಿಯ ಎಲೆಭಾಗದಲ್ಲಿ ಸರಾಸರಿ ಶೇ. 25ರಷ್ಟು ಹೋಗುವ ಹೊತ್ತಿಗೆ ಸಿಂಪಡಿಸಿ ಎನ್ನುತ್ತಾರೆ. ಸಸಿ ನಾಲ್ಕೆಲೆ ದಾಟಿದ ಮೇಲೆ ಸಾಮಾನ್ಯವಾಗಿ ಚಿಂತೆಯಿಲ್ಲ. ಆ ಅಂಕಿಯನ್ನು ದ್ರಾಕ್ಷಿಗೆ ಹೊಂದಿಸಲಾಗದು, ಏಕೆಂದರೆ ಕಣ್ಣಿನಲ್ಲಿ ಕಾಲುಭಾಗ ಉಳಿಸಿ ತಿನ್ನುವ ದುಂಬಿ ಇಲ್ಲ!

ಔಷಧಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಅನುಮತಿಯ ಪಟ್ಟಿ ಬದಲಾಗುತ್ತಿರುತ್ತದೆ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯವನ್ನೋ ಪುಣೆ ಬಳಿಯ ಮಾಂಜರಿಯ ದ್ರಾಕ್ಷಿ ಸಂಶೋಧನಾ ಕೇಂದ್ರವನ್ನೋ ಕೇಳುವುದು ಲೇಸು.

ಇನ್ನೊಂದು ಮಾತು ನಮ್ಮ ಕಾಫಿಯವರಿಗೆ. ಈ ದುಂಬಿ ಮೊಟ್ಟೆಯಿಡುವುದು ಬಳ್ಳಿಯ ಸಡಿಲ ತೊಗಟೆಯ ಕೆಳಗೆ. ಚಾಟ್ನಿಯ ವೇಳೆ ಆ ತೊಗಟೆ ಸುಲಿದು ತೆಗೆದರೆ ಅರ್ಧ ಕೆಲಸ ಆದಂತೆ. ಅರೇಬಿಕದ ಬಿಳಿ ಕಾಂಡಕೊರಕವೂ ತೊಗಟೆಯ ಬಿರುಕಿನಲ್ಲೇ ಮೊಟ್ಟೆಯಿಡುತ್ತದೆ. ಅದರ ಹಾರಾಟ ಏಪ್ರಿಲ್-ಮೇ, ಮತ್ತೆ ಅಕ್ಟೋಬರಿನಿಂದ ಡಿಸೆಂಬರ್. ತೆಂಗಿನ ನಾರಿನ ಗವಸಿನಿಂದ ಕಾಂಡ ಉಜ್ಜುವ ಕೆಲಸ ಈ ಹಾರಾಟಕ್ಕೆ ಮುನ್ನ ಮುಗಿದಿರಬೇಕು. ಕತ್ತಿಯಿಂದ ಕೆರೆಯಬೇಡಿ, ಹಸಿ ತೊಗಟೆಗೆ ಗಾಯವಾಗುತ್ತದೆ.