ವಿಷದ ಸುಳಿವೂ ಬ್ಯಾಕ್ಟೀರಿಯದ ಎಚ್ಚರವೂ

ಗಾಯವನ್ನು ಹೈಡ್ರೊಜನ್ ಪೆರಾಕ್ಸೈಡಿನಿಂದ ತೊಳೆದಾಗ ಬಿಳಿಯ ನೊರೆಯು ಉಕ್ಕಿಬರುವುದನ್ನು ನಾವು ಕಂಡಿದ್ದೇವೆ. ನಮ್ಮ ರಕ್ತದಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವವು ಆ ದ್ರವವನ್ನು ನೀರು ಮತ್ತು ಆಮ್ಲಜನಕಗಳಾಗಿ ಒಡೆಯುವುದೇ ಇದಕ್ಕೆ ಕಾರಣ. ಇದೇ ಪೆರಾಕ್ಸೈಡನ್ನು ನಮ್ಮ ಬಿಳಿಯ ರಕ್ತಕಣಗಳು ತಾವು ನುಂಗಿದ ಬ್ಯಾಕ್ಟೀರಿಯಗಳ ಮೇಲೆ ಪ್ರಯೋಗಿಸುತ್ತವೆ. ಒಂದೇ ಕೋಶದ ಆ ಜೀವಿಯು ಇದನ್ನು ಹೇಗೆ ಎದುರಿಸುತ್ತದೆ?

ಸಾಲ್ಮೊನೆಲ ಬ್ಯಾಕ್ಟೀರಿಯಗಳಿಗೆ ಮೊದಲು ಅತ್ಯಲ್ಪ ಪ್ರಮಾಣದ ಪೆರಾಕ್ಸೈಡನ್ನು ಕೊಟ್ಟರೆ, ಬಳಿಕ ಮಾರಕವಾಗಬಹುದಾದ ಪ್ರಮಾಣವನ್ನೂ ಅವು ತಾಳಿಕೊಳ್ಳುತ್ತವೆ. ಈ ಅವಧಿಯಲ್ಲಿ ಸುಮಾರು 30 ಬಗೆಯ ಪ್ರೋಟೀನುಗಳ ತಯಾರಿಕೆ ಹೆಚ್ಚುತ್ತದೆ. ಅಮೆರಿಕದ ಬರ್ಕ್ಲಿಯಲ್ಲಿ ಬ್ರೂಸ್ ಏಮ್ಸ್ ಮತ್ತು ಅವರ ಸಂಗಡಿಗರು, ಇವುಗಳಲ್ಲಿ ಒಂಬತ್ತು ಒಂದೇ ಜೀನಿನ ಅಂಕೆಯಲ್ಲಿವೆಯೆಂದು 1985ರಲ್ಲಿ ತೋರಿಸಿದರು. ಆ ಜೀನೂ ಅದರಿಂದ ಹುಟ್ಟುವ ಪ್ರೋಟೀನೂ ‘ಆಕ್ಸಿಆರ್’ ಎಂಬ ಹೆಸರನ್ನು ಪಡೆದಿವೆ.

ವಿಷದ ಸುಳಿವನ್ನು ಹಿಡಿಯುವುದಕ್ಕೆ ಒಂದು ಅಂಗ, ಆಜ್ಞೆಯನ್ನು ಕೊಡುವುದಕ್ಕೆ ಇನ್ನೊಂದು ಅಂಗ ಇರಬಹುದೆಂದು ನಾವು ಊಹಿಸುವುದು ಸಹಜ. ಆದರೆ ಇಲ್ಲಿ ಎರಡು ಕೆಲಸವೂ ಒಂದೇ ಪ್ರೋಟೀನಿನದು. ಕರುಳಿನಲ್ಲಿ ವಾಸಿಸುವ ಎಷರಿಚಿಯ ಕೋಲೈ ಬ್ಯಾಕ್ಟೀರಿಯದ ಆಕ್ಸಿಆರ್ ಸರಪಳಿಯಲ್ಲಿ 305 ಅಮೈನೊ ಆಮ್ಲಗಳಿವೆ. ಅವುಗಳಲ್ಲಿ 199ನೆಯದೂ 208ನೆಯದೂ ಗಂಧಕವುಳ್ಳ ಸಿಸ್ಟೀನುಗಳು. ಪೆರಾಕ್ಸೈಡು ತಾಗಿದೊಡನೆ ಈ ಎರಡರ ಗಂಧಕದ ಪರಮಾಣುಗಳು ಪರಸ್ಪರ ಬೆಸೆದುಕೊಳ್ಳುತ್ತವೆ. ಈ ಸಂಗತಿಯು 1998ರಲ್ಲಿ ಸ್ಪಷ್ಟವಾಯಿತು. ಬೆಸುಗೆಯಿಂದ ಪ್ರೋಟೀನಿನ ಆಕಾರ ಬದಲಾಗುತ್ತದೆ. ಆಕಾರ ಬದಲಾದ ಆಕ್ಸಿಆರ್, ರಕ್ಷಕ ಜೀನುಗಳ ಪಕ್ಕದಲ್ಲಿ ಡಿ.ಎನ್.ಎ.ಯನ್ನು ಹಿಡಿದು, ಅವುಗಳ ಪ್ರತಿಯನ್ನು ತೆಗೆಯುವ ಕಿಣ್ವವನ್ನು ಅಲ್ಲಿಗೆ ಸೆಳೆಯುತ್ತದೆ. ವಿಷವೇ ತನ್ನ ವಿರುದ್ಧ ಗಂಟೆ ಬಾರಿಸಿದಂತಾಯಿತು!

ಆಗ ಕ್ಯಾಟಲೇಸು ಧಾರಾಳವಾಗಿ ಸಿದ್ಧವಾಗುತ್ತದೆ. ಅದಕ್ಕಿಂತಲೂ ಕುತೂಹಲಕರವಾದುದು ‘ಡಿಪಿಎಸ್’ ಎಂಬ ಪ್ರೋಟೀನು. ಕೋಶದಲ್ಲಿ ಬಿಡಿಯಾಗಿರುವ ಕಬ್ಬಿಣವು ಪೆರಾಕ್ಸೈಡಿನೊಡನೆ ವರ್ತಿಸಿದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಇದು ಎದುರಿಗೆ ಸಿಕ್ಕಿದ ಅಣುವನ್ನೆಲ್ಲ, ಡಿ.ಎನ್.ಎ.ಯನ್ನು ಕೂಡ, ಕೆಡಿಸುವಂಥದು. ಹುಟ್ಟಿದ ಮೇಲೆ ಇದನ್ನು ತಡೆಯಬಲ್ಲ ಕಿಣ್ವವಿಲ್ಲ. ಆದುದರಿಂದ ಡಿಪಿಎಸ್ ಕಬ್ಬಿಣವನ್ನೇ ತನ್ನ ಟೊಳ್ಳಿನೊಳಗೆ ಕೂಡಿಹಾಕುತ್ತದೆ.

ವಿಷವು ತೊಲಗಿದ ಮೇಲೂ ಇಷ್ಟೆಲ್ಲವನ್ನು ತಯಾರಿಸುತ್ತಿದ್ದರೆ ಆಹಾರವೂ ಶಕ್ತಿಯೂ ವ್ಯರ್ಥವಾದಾವು. ಅದಕ್ಕೂ ಏರ್ಪಾಡುಂಟು. ಆಕ್ಸಿಆರ್ ಎಬ್ಬಿಸುವ ಜೀನುಗಳಲ್ಲಿ ಗ್ಲುಟಾರೆಡಾಕ್ಸಿನ್ ಎಂಬ ಪ್ರೋಟೀನಿನದೂ ಒಂದು. ಪೆರಾಕ್ಸೈಡು ಕಡಮೆಯಾದಂತೆ ಈ ಗ್ಲುಟಾರೆಡಾಕ್ಸಿನ್ ಆ ಗಂಧಕದ ಬೆಸುಗೆಯನ್ನು ಬಿಡಿಸುತ್ತದೆ. ಆಕ್ಸಿಆರ್ ಮತ್ತೆ ಮೊದಲಿನ ಆಕಾರಕ್ಕೆ ಮರಳುತ್ತದೆ.